ಇನ್ನೊಬ್ಬರ ದೇವರ ಮನೆಯಲ್ಲಿ

ನಮ್ಮ ದೇವರ ಮುಂದೆ ನಿಂತಾಗ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೈ ತಾನಾಗಿ ಮುಗಿಯುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಆದರೆ ನಮ್ಮದಲ್ಲದ ದೇವರ ಮನೆಯ ಹೊಸ್ತಿಲಲ್ಲಿ ನಿಂತಾಗ ನಾವು ಯಾರು? ಭಕ್ತರಲ್ಲ, ಬರಿಯ ನೋಡುಗರು ಎಂದುಕೊಳ್ಳಲೂ ಮನಸ್ಸು ಒಪ್ಪುವುದಿಲ್ಲ. ಕರಾವಳಿಯ ಬಸದಿ, ದೇಗುಲ, ದರ್ಗಾ, ಇಗರ್ಜಿಗಳನ್ನು ಒಂದೇ ದಿನದಲ್ಲಿ ಸುತ್ತಿ ಬರುವ ನಮಗೆ ಈ ಪ್ರಶ್ನೆ ಎದುರಾಗಬೇಕು. ಎದುರಾಗದಿದ್ದರೆ ನಾವು ನೋಡಿದ್ದು ಕಲ್ಲು, ಮರ, ಗಾರೆಗಳನ್ನು ಮಾತ್ರ.

ಕಾರ್ಕಳದ ಚತುರ್ಮುಖ ಬಸದಿಯನ್ನು ನೆನೆಯೋಣ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಒಂದೇ ತೆರನ ಬಾಗಿಲು. ಯಾವ ದಿಕ್ಕಿನಿಂದ ಬಂದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರೇ ಎದುರುಗೊಳ್ಳುತ್ತಾರೆ. ಇದು ಮುಂಬಾಗಿಲು, ಇದು ಹಿಂಬಾಗಿಲು ಎಂಬ ಭೇದ ಅಲ್ಲಿಲ್ಲ. ಸತ್ಯಕ್ಕೆ ಹಲವು ಮುಖಗಳುಂಟು ಎಂದು ಅನೇಕಾಂತವನ್ನು ಬೋಧಿಸಿದ ಧರ್ಮದ ಮಂದಿರ ಬೇರೆ ಹೇಗಿದ್ದೀತು? ಎದುರಿನ ಬೆಟ್ಟದ ಮೇಲೆ ಅದಕ್ಕೂ ಒಂದೂವರೆ ಶತಮಾನ ಹಿಂದಿನ, 1432ರ ಗೊಮ್ಮಟ. ಅಲ್ಲಿಂದ ಕೆಲವೇ ಮೈಲಿ ನಡೆದರೆ ಅತ್ತೂರಿನ ಇಗರ್ಜಿ. ಜನವರಿಯ ಸಾಂತ್‌ಮಾರಿ ಜಾತ್ರೆಯಲ್ಲಿ ಸಂತ ಲಾರೆನ್ಸರ ಮುಂದೆ ಮೊಂಬತ್ತಿ ಹಿಡಿದು ನಿಂತವರ ಸಾಲನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಕುಂಕುಮವಿಟ್ಟ ಹಣೆಗಳು ಎಷ್ಟೊಂದು! ಹರಕೆ ಹೊತ್ತವರಿಗೆ ಶಾಸ್ತ್ರದ ಗೊಂದಲವಿಲ್ಲ. ತಮ್ಮ ಕಷ್ಟವನ್ನು ಕೇಳಿಸಿಕೊಳ್ಳುವವರು ಅಲ್ಲಿದ್ದಾರೆಂಬ ನಂಬಿಕೆ ಅವರಿಗೆ ಸಾಕು.

ನಮ್ಮ ನಾಡಿನ ಮಳೆಯೂ ಈ ಕಟ್ಟಡಗಳನ್ನು ಹತ್ತಿರಕ್ಕೆ ತಂದಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡನ್ನೂ ಮಂಗಳೂರು ಬಂದರಿನ ಹಳೆಯ ಮಸೀದಿಯ ಮರದ ಕೆತ್ತನೆಯನ್ನೂ ನೋಡಿದವರು ಇದನ್ನು ಬಲ್ಲರು. ಆಷಾಢದ ಜಡಿಮಳೆಗೆ ಎಲ್ಲರೂ ಒಂದೇ ರೀತಿಯಲ್ಲಿ ತಲೆಬಾಗಿ ಮಾಡು ಇಳಿಬಿಟ್ಟರು, ಎಲ್ಲರೂ ಅದೇ ಮುರಕಲ್ಲನ್ನು ಕಡಿದರು, ಅದೇ ಕಾಡಿನ ಮರವನ್ನು ತಂದರು. ಒಳಗಿನ ಪ್ರಾರ್ಥನೆ ಬೇರೆಯಾದರೂ ಹೊರಗೆ ನಿಂತ ಗೋಡೆ ಈ ಮಣ್ಣಿನದೇ.

ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಮೂಲ್ಕಿಯಲ್ಲಿ, ಶಾಂಭವಿ ನದಿಯ ದಡದಲ್ಲಿ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನ ಹಡಗು ಹೊಳೆಯಲ್ಲಿ ಕಚ್ಚಿಕೊಂಡಿತು, ದೇವಿ ಕನಸಿನಲ್ಲಿ ಬಂದು ಗುಡಿ ಕಟ್ಟಿಸೆಂದಳು, ಆತ ಕಟ್ಟಿಸಿದ ಎಂಬುದು ಐತಿಹ್ಯ. ಊರಿಗೆ ಅವನದೇ ಹೆಸರು ಉಳಿಯಿತು, ಬಪ್ಪನಾಡು. ಜಾತ್ರೆಯ ಕಾಲಕ್ಕೆ ಆ ಮನೆತನದವರಿಗೆ ದೇವಿಯ ಪ್ರಸಾದ ಸಲ್ಲಿಸುವ ವಾಡಿಕೆಯೂ ಉಳಿಯಿತು. ಈ ಕಥೆ ನಡೆದದ್ದೇ, ಕಟ್ಟಿದ್ದೇ ಎಂದು ಅಳೆಯುವುದರಲ್ಲಿ ನನಗೆ ಹೆಚ್ಚು ಆಸಕ್ತಿಯಿಲ್ಲ. ಒಂದು ಊರಿನವರು ತಮ್ಮ ಅಮ್ಮನ ಸಾನ್ನಿಧ್ಯದ ಮೂಲವನ್ನು ಹೇಳುವಾಗ ಅನ್ಯಮತದವನೊಬ್ಬನ ಉಪಕಾರವನ್ನು ಮರೆಮಾಚಲಿಲ್ಲ, ಬದಲಿಗೆ ಅದನ್ನೇ ತಲೆಬರಹವಾಗಿ ಇಟ್ಟುಕೊಂಡರು. ತನ್ನ ದೇವರ ಮನೆ ಇನ್ನೊಬ್ಬರ ಋಣದಲ್ಲಿದೆ ಎಂದು ವರ್ಷವರ್ಷವೂ ಎಲ್ಲರೆದುರು ಒಪ್ಪಿಕೊಳ್ಳುವ ಭಕ್ತಿಗಿಂತ ದೊಡ್ಡ ಭಕ್ತಿ ಯಾವುದಿದ್ದೀತು?

ಹಾಗೆಂದು ಇಲ್ಲಿ ಎಲ್ಲವೂ ಸೌಹಾರ್ದವಾಗಿಯೇ ಇತ್ತೆಂದು ಹೇಳಿದರೆ ಹಿರಿಯರ ಕಣ್ಣೀರಿಗೆ ಅಪಚಾರವಾದೀತು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದರು, ಅವರ ಇಗರ್ಜಿಗಳು ಉರುಳಿದವು. ಆ ದುರ್ದಿನದಲ್ಲಿ ಮೂಡುಬಿದಿರೆ ಸಮೀಪದ ಹೊಸಬೆಟ್ಟಿನ ಇಗರ್ಜಿ ಉಳಿದದ್ದು ಜೈನ ಚೌಟ ಅರಸನ ಬೇಡಿಕೆಯಿಂದ. ಆತನಿಗೆ ಆ ಶಿಲುಬೆಯಿಂದ ಆಗಬೇಕಾದದ್ದು ಏನಿತ್ತು? ತನ್ನದಲ್ಲದ ಆಲಯಕ್ಕಾಗಿ ಬಲಾಢ್ಯನ ಮುಂದೆ ಬಾಯ್ತೆರೆಯುವುದು ಎಷ್ಟು ಅಪಾಯದ ಕೆಲಸ! ಆ ಇಗರ್ಜಿಯಲ್ಲಿ ನಿಂತವರು ಬಸದಿಯನ್ನೂ ನೆನೆಯದೆ ಇರಲು ಸಾಧ್ಯವೆ?

ಇಂಥ ನೆನಪುಗಳು ನಮ್ಮ ಕಾಲದಲ್ಲಿ ತೆಳುವಾಗುತ್ತಿರುವುದು ನನ್ನನ್ನು ಕಾಡುತ್ತದೆ. 2022ರಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಅನ್ಯಮತದವರು ಅಂಗಡಿ ಹಾಕಬಾರದೆಂಬ ಫಲಕಗಳು ಎದ್ದವು. ಬಳೆ, ಬತ್ತಾಸು, ಆಟಿಕೆಗಳನ್ನು ಮಾರಿ ತಲೆಮಾರುಗಳಿಂದ ಜಾತ್ರೆಗೆ ಕಳೆ ತಂದವರು ಗದ್ದೆಯಂಚಿನಿಂದ ಹಿಂದಿರುಗಬೇಕಾಯಿತು. ಗರ್ಭಗುಡಿಯ ಶುದ್ಧಿಗೆ ಅದರಿಂದ ಏನು ಕೂಡಿಬಂತು? ಕಳೆದುಕೊಂಡದ್ದೇನೆಂದು ಮಾತ್ರ ನಾವು ಹೇಳಬಲ್ಲೆವು: ಪರಸ್ಪರರನ್ನು ದೇವರೆದುರಲ್ಲೇ ಭೇಟಿಯಾಗುವ ಅವಕಾಶ.

ಆದ್ದರಿಂದಲೇ ಇನ್ನೊಬ್ಬರ ದೇವರ ಮನೆಗೆ ನಾವು ಅತಿಥಿಗಳಾಗಿ ಹೋಗಬೇಕು ಎಂದು ನನಗನಿಸುತ್ತದೆ. ಅತಿಥಿಯಾದವನು ತನ್ನ ನಂಬಿಕೆಯನ್ನು ಹೊರಗೆ ಬಿಟ್ಟು ಬರಬೇಕಿಲ್ಲ. ಮನೆಯವರ ರೀತಿಗೆ ಮಣಿಯುತ್ತಾನೆ, ಅವರು ಆದರದಿಂದ ಕಾಪಿಟ್ಟದ್ದನ್ನು ಆದರದಿಂದ ನೋಡುತ್ತಾನೆ. ಪಟ ತೆಗೆದುಕೊಂಡು ಮರಳುವ ಅವಸರ ಅವನಿಗಿಲ್ಲ. ಕಟ್ಟಿಸಿದ ಅರಸನ ಹೆಸರು, ಇಸವಿ ಫಲಕದಲ್ಲೇ ಸಿಗುತ್ತವೆ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಟಾಗ, ಫಲಕದಲ್ಲಿ ಇಲ್ಲದ್ದನ್ನು ದೇವಸ್ಥಾನದ ಮೊಕ್ತೇಸರರಲ್ಲೋ ಮಸೀದಿಯ ಖತೀಬರಲ್ಲೋ ಇಗರ್ಜಿಯ ಪಾದ್ರಿಗಳಲ್ಲೋ ಕೇಳೋಣ. ಈ ಜಾಗ ಬಿಟ್ಟುಕೊಟ್ಟವರು ಯಾರು, ಮರ ಯಾರ ತೋಟದಿಂದ ಬಂತು, ಕೆತ್ತಿದ ಆಚಾರಿಗಳು ಯಾವ ಊರಿನವರು, ಹಬ್ಬದ ಕರೆಯೋಲೆ ಪಕ್ಕದ ಯಾರ ಮನೆಗಳಿಗೆಲ್ಲ ಹೋಗುತ್ತದೆ?