ಗುಟ್ಟೂ ಕಪಟವೂ

ಶರಣಧರ್ಮವು ಬಿಚ್ಚುಮನದ ಧರ್ಮ. ಒಳಗೊಂದು ಹೊರಗೊಂದು ಎಂಬ ಇಬ್ಬಗೆಯ ಬಾಳನ್ನು ಶರಣರು ಬಹು ಕಟುವಾಗಿ ಖಂಡಿಸಿದರು. ನಡೆನುಡಿಗಳು ಒಂದಾಗಿರಬೇಕು, ಮನೆಯ ಬಾಗಿಲು ಜಂಗಮಕ್ಕೆ ಸದಾ ತೆರೆದಿರಬೇಕು, ಬಂದವನನ್ನು ಕುಲಗೋತ್ರ ಕೇಳದೆ ಬರಮಾಡಿಕೊಳ್ಳಬೇಕು. ಇದು ನಮ್ಮ ಗೃಹಸ್ಥರಿಗೆ ತಲೆತಲಾಂತರದಿಂದ ಬಂದ ಸಂಸ್ಕಾರ. ಇಂಥ ಸಂಸ್ಕಾರದಲ್ಲಿ ಬೆಳೆದ ಹಿರಿಯರಿಗೆ ಈಗ ಮೊಮ್ಮಕ್ಕಳು ದಿನಬೆಳಗಾದರೆ ಬೇರೊಂದು ಪಾಠವನ್ನು ಹೇಳುತ್ತಿದ್ದಾರೆ: "ಯಾರು ಫೋನು ಮಾಡಿದರೂ ಏನೂ ಹೇಳಬೇಡಿರಿ ಅಜ್ಜಾ, ಆಧಾರ್ ಸಂಖ್ಯೆ ಕೊಡಬೇಡಿರಿ, ಓಟಿಪಿ ಹೇಳಬೇಡಿರಿ, ಬಂದ ಲಿಂಕನ್ನು ಒತ್ತಬೇಡಿರಿ." ಆಗ ಹಿರಿಯರ ಮನದಲ್ಲಿ ಒಂದು ಸಂದೇಹ ಏಳುವುದು ಸಹಜ. ಕಪಟವಿಲ್ಲದವನಿಗೆ ಗುಟ್ಟೇಕೆ? ಎದುರಿನವನು ಕಳ್ಳನಿರಬಹುದೆಂದು ಭಾವಿಸಿ ಮಾತನಾಡುವುದು ಭಕ್ತನ ಲಕ್ಷಣವೆ? ಈ ಸಂದೇಹವನ್ನು ವೃದ್ಧರ ಅಜ್ಞಾನವೆಂದು ನಕ್ಕು ತಳ್ಳಿಹಾಕಲಾಗದು. ಅದು ಧರ್ಮಜಿಜ್ಞಾಸೆಯೇ ಸರಿ.

ನಾವು ಅಂಗದ ಮೇಲೆ ಧರಿಸುವ ಇಷ್ಟಲಿಂಗವನ್ನೇ ನೋಡೋಣ. ತಾನು ಲಿಂಗವಂತನೆಂಬುದನ್ನು ಭಕ್ತನು ಮರೆಮಾಚುವುದಿಲ್ಲ; ಹಣೆಯ ವಿಭೂತಿಯೇ ಅದನ್ನು ಸಾರುತ್ತದೆ. ಆದರೂ ಲಿಂಗವು ಕರಡಿಗೆಯೊಳಗೆ ಎದೆಯ ಮೇಲಿರುತ್ತದೆ. ಕರಡಿಗೆಯನ್ನು ತೆರೆದು ಅದನ್ನು ಕಂಡಕಂಡವರ ಕೈಗೆ ಕೊಡುವವರುಂಟೆ? ದೀಕ್ಷಾಕಾಲದಲ್ಲಿ ಗುರುವು ಮಂತ್ರವನ್ನು ಕಿವಿಯಲ್ಲಿ ಉಸುರುತ್ತಾನೆ. ಆ ಮಂತ್ರ ಜಗತ್ತಿಗೆಲ್ಲ ಗೊತ್ತಿರುವುದೇ, ಆದರೂ ಕಿವಿಯಲ್ಲಿಯೇ. ಮುಚ್ಚುವುದೆಲ್ಲವೂ ಕಪಟವಲ್ಲವೆಂಬುದು ಇದರಿಂದ ತಿಳಿಯುತ್ತದೆ. ತಪ್ಪನ್ನು ಮುಚ್ಚುವುದು ಕಪಟ. ತನ್ನ ಕೈಯಿಂದ ಜಾರಬಾರದುದನ್ನು ಮುಚ್ಚುವುದು ಗುಟ್ಟು. ಬ್ಯಾಂಕಿನ ಗುಪ್ತಸಂಖ್ಯೆಯನ್ನು ಲಿಂಗಕ್ಕೆ ಹೋಲಿಸುವುದು ಅತಿಯಾಯಿತೆಂದು ಕೆಲವರು ಹುಬ್ಬೇರಿಸಬಹುದು. ನಾನು ಹೋಲಿಸುತ್ತಿರುವುದು ವಸ್ತುಗಳನ್ನಲ್ಲ, ಮುಚ್ಚುವ ಬಗೆಯನ್ನು.

ದೇಶದ ನ್ಯಾಯಾಂಗವೂ ಈ ಭೇದವನ್ನು ತಡವಾಗಿಯಾದರೂ ಮನ್ನಿಸಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಆ ವೃದ್ಧರು ಬಚ್ಚಿಡತಕ್ಕ ತಪ್ಪಿದ್ದುದರಿಂದ ನ್ಯಾಯಾಲಯಕ್ಕೆ ಹೋದರೆಂದು ಯಾರೂ ಹೇಳಲಾರರು.

ಇಲ್ಲಿ ಒಂದು ಆಕ್ಷೇಪ ಬರಬಹುದು, ಅದು ಹಗುರವಾದುದಲ್ಲ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳು ಒರಲುತ್ತವೆಂದು ಅವನ್ನೂ ಕಳ್ಳರಿಗೇ ಕೊಟ್ಟುಬರಲು ಹೇಳಿದರೆಂಬ ಕಥೆಯನ್ನು ಕೇಳದವರಾರು? ಅಂಥವರ ಹಾದಿಯಲ್ಲಿ ನಡೆಯುವವರು ನಾಲ್ಕು ಕಾಸಿಗಾಗಿ ಬೀಗ ಹಾಕಿ ಕುಳಿತುಕೊಳ್ಳಬೇಕೆ? ಆದರೆ ಅದೇ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಅರಸನಲ್ಲಿ ಚಾಡಿ ಹೇಳಿದಾಗ, ಲೆಕ್ಕ ನೋಡಿದರೆ ಒಂದು ಹಾಗವೂ ಕಡಿಮೆಯಿರಲಿಲ್ಲವೆಂಬುದು ಕೂಡ ನಮ್ಮ ಹಿರಿಯರು ಹೇಳುತ್ತ ಬಂದ ಕಥೆಯೇ. ಹಸು ತಮ್ಮದು, ಕರುವೂ ತಮ್ಮದು, ಅರಿತೇ ಕೊಟ್ಟರು. ಭಂಡಾರ ತಮ್ಮದಲ್ಲ, ಅದನ್ನು ಕಾದರು.

ಹಾಗಾದರೆ ಗೃಹಸ್ಥನ ಕೈಯಲ್ಲಿರುವ ಮೊಬೈಲು ಹಸುವೊ, ಭಂಡಾರವೊ? ಅದರೊಳಗೆ ಏನೇನಿದೆಯೆಂದು ಒಮ್ಮೆ ಎಣಿಸಿ ನೋಡಿರಿ. ಬಂಧುಬಳಗದವರೆಲ್ಲರ ಹೆಸರು ಮತ್ತು ಸಂಖ್ಯೆಗಳು, ಮೊಮ್ಮಕ್ಕಳ ಚಿತ್ರಗಳು, ಯಾವುದೋ ಅರ್ಜಿಗೆಂದು ತೆಗೆದ ಸೊಸೆಯ ಆಧಾರ್ ಪ್ರತಿ, ವರಾನ್ವೇಷಣೆಗೆಂದು ಯಾರೋ ನಂಬಿ ಕಳುಹಿಸಿದ ಕನ್ಯೆಯ ವಿವರ. ಇವುಗಳಲ್ಲಿ ತನ್ನದೆಂಬುದು ಎಷ್ಟು? ತುರ್ತು ಸಾಲ ಕೊಡುವೆವೆನ್ನುವ ಕೆಲವು ಆ್ಯಪುಗಳು ಮೊದಲು ಕೇಳುವುದೇ ಈ ಹೆಸರುಗಳ ಪಟ್ಟಿಯನ್ನು. ಸಾಲಗಾರನು ತಪ್ಪಿದರೆ ಅವನ ಅಕ್ಕತಂಗಿಯರಿಗೆ, ಬೀಗರಿಗೆ, ಕಚೇರಿಯವರಿಗೆ ಹೊಲಸು ಮಾತುಗಳು, ತಿರುಚಿದ ಚಿತ್ರಗಳು ಹೋಗುತ್ತವೆ; ಆ ಅವಮಾನ ತಾಳಲಾರದೆ ಪ್ರಾಣ ಕಳೆದುಕೊಂಡವರುಂಟು. ಇತ್ತೀಚೆಗೆ ಮದುವೆಯ ಕರೆಯೋಲೆಯ ವೇಷದಲ್ಲಿಯೂ ಕಳ್ಳರು ಬರುತ್ತಿದ್ದಾರೆ. ಕರೆಯೋಲೆಯೆಂದು ಒತ್ತಿದ್ದು 'ಎಪಿಕೆ' ಎಂದು ಕೊನೆಗೊಳ್ಳುವ ಕಡತವಾಗಿದ್ದರೆ, ಅದು ಮೊಬೈಲಿನಲ್ಲಿ ಮನೆಮಾಡಿ ಬರುವ ಸಂದೇಶಗಳನ್ನು ಕದ್ದು ಓದಬಲ್ಲದು. ನಮ್ಮ ಮಠಗಳೂ ಈ ಮಾತಿಗೆ ಹೊರತಲ್ಲ. ಸೇವಾಕರ್ತರ ಹೆಸರು, ಊರು, ಫೋನು ಸಂಖ್ಯೆಗಳನ್ನು ಬರೆದ ಪುಸ್ತಕವನ್ನು ಕಟ್ಟೆಯ ಮೇಲೆ ತೆರೆದಿಟ್ಟು ಪ್ರಸಾದಕ್ಕೆ ಏಳುವವರು ನಮ್ಮಲ್ಲಿಯೂ ಇದ್ದಾರೆ.

ಇನ್ನು, ಕೇಳಿದವನನ್ನು ಪ್ರಶ್ನಿಸುವುದು ಅವಮಾನವೆ? ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಎಂಥ ನಿಷ್ಠುರವಾದ ಪ್ರಶ್ನೆಗಳಿಂದ ಅವರನ್ನು ಪರೀಕ್ಷಿಸಿದರೆಂಬುದು ಶೂನ್ಯಸಂಪಾದನೆಯನ್ನು ಬಲ್ಲವರಿಗೆ ತಿಳಿದಿದೆ. ಅಕ್ಕ ಮುನಿಯಲಿಲ್ಲ, ಉತ್ತರ ಕೊಟ್ಟರು. ಬ್ಯಾಂಕಿನವನೆಂದು ಕರೆ ಮಾಡಿದವನಿಗೆ, "ಇರಲಿ, ನಾನೇ ನಿಮ್ಮ ಶಾಖೆಗೆ ಬಂದು ಮಾತನಾಡುವೆ" ಎಂದರೆ ನಿಜವಾದ ಬ್ಯಾಂಕಿನವನು ಸಿಟ್ಟಾಗುವುದಿಲ್ಲ. ಸಿಟ್ಟಾಗಿ ಅವಸರಪಡಿಸುವವನು ಯಾರೆಂಬುದನ್ನು ಅವನ ಅವಸರವೇ ಹೇಳುತ್ತದೆ.

ಈ ಕಳ್ಳರಿಗೆ ಆಯುಧಗಳು ಎರಡು: ಆಸೆ ಮತ್ತು ಭಯ. ಆಸೆಯ ವಿಷಯದಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಅದನ್ನು ಮರಳಿ ಸುರಿದು ಬರಲು ಕಳುಹಿಸಿದ ಲಕ್ಕಮ್ಮನ ಕಥೆ ಮನೆಮನೆಯಲ್ಲಿದೆ. ಒಂದು ಮಾತನ್ನು ಮಾತ್ರ ನೆನಪಿಡತಕ್ಕದ್ದು: ಯುಪಿಐ ಮೂಲಕ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ.

ಭಯದ ಆಯುಧ ಇದಕ್ಕಿಂತ ಕ್ರೂರ. 'ಡಿಜಿಟಲ್ ಅರೆಸ್ಟ್' ಎಂಬ ವಂಚನೆಯಲ್ಲಿ ಪೋಲೀಸರ ಸಮವಸ್ತ್ರ ತೊಟ್ಟವನೊಬ್ಬ ವಿಡಿಯೋ ಕರೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಆಧಾರಿನಿಂದ ಕಳ್ಳಖಾತೆ ತೆರೆದಿದೆ ಎನ್ನುತ್ತಾನೆ. ಕ್ಯಾಮೆರಾದ ಮುಂದಿನಿಂದ ಏಳಬಾರದು, ಹೆಂಡತಿಮಕ್ಕಳಿಗೂ ಬಾಯಿಬಿಡಬಾರದು ಎಂದು ಗದರಿಸುತ್ತಾನೆ. ಕಡೆಗೆ, ಪರಿಶೀಲನೆಗೆಂದು ಜೀವಮಾನದ ಉಳಿತಾಯವನ್ನು ತಾನು ಹೇಳಿದ ಖಾತೆಗೆ ಹಾಕಿಸಿಕೊಳ್ಳುತ್ತಾನೆ. ಇಲ್ಲಿ ತಪ್ಪಿತಸ್ಥನಿಗಿಂತ ನಿರ್ದೋಷಿಯೇ ಹೆಚ್ಚು ನಡುಗುತ್ತಾನೆ. ಮರ್ಯಾದೆಯೇ ಆಸ್ತಿಯಾದವನಿಗೆ ಠಾಣೆಯ ಹೆಸರೇ ಸಾಕು. ಆದರೆ ಹೀಗೆ ವಿಡಿಯೋ ಕರೆಯಲ್ಲಿ ಬಂಧಿಸುವ ವ್ಯವಸ್ಥೆ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳೇ ಇದನ್ನು ಸ್ಪಷ್ಟಪಡಿಸಿದ್ದಾರೆ.

ಈ ವಂಚಕನ ರೀತಿಯನ್ನು ತುಸು ನಿಂತು ನೋಡಬೇಕು. ಮುಚ್ಚಬೇಕಾದ ಖಾತೆ, ಠೇವಣಿ, ಗುಪ್ತಸಂಖ್ಯೆಗಳನ್ನು ಅವನು ತೆರೆಸುತ್ತಾನೆ. ತೆರೆದು ಹೇಳಬೇಕಾದ ಅಂಜಿಕೆಯನ್ನು ಮುಚ್ಚಿಸುತ್ತಾನೆ. ಗುಟ್ಟನ್ನು ಕಸಿದುಕೊಂಡು ಅದರ ಜಾಗದಲ್ಲಿ ಕಪಟವನ್ನಿಡುತ್ತಾನೆ. ನಲವತ್ತು ವರ್ಷ ಕೂಡಿ ಬಾಳಿದ ಹೆಂಡತಿಯಿಂದ ಪಕ್ಕದ ಕೋಣೆಯಲ್ಲಿ ಕುಳಿತು ಮರೆಮಾಚುವಂತೆ ಮಾಡುತ್ತಾನೆ. ಅನುಭವ ಮಂಟಪದಲ್ಲಿ ಶರಣರು ತಮ್ಮ ಸಂದೇಹಗಳನ್ನು ಗೋಷ್ಠಿಯಲ್ಲಿಟ್ಟು ಬಗೆಹರಿಸಿಕೊಂಡರಷ್ಟೆ. ಇಂಥ ಕರೆ ಬಂದ ಮನೆಯಲ್ಲಿ ಎದ್ದು ಅಡಿಗೆಮನೆಯವರೆಗೆ ಹೋಗಿ, "ಇವನಾರೋ ಹೀಗೆನ್ನುತ್ತಿದ್ದಾನೆ, ನೋಡು" ಎಂದರೆ ಸಾಕು, ಅವನ ಮಾಯೆ ಅಲ್ಲಿಗೆ ಮುರಿಯುತ್ತದೆ.

ಮೋಸಹೋದ ಮೇಲೂ ನಾಚಿಕೆಯಿಂದ ಎರಡು ದಿನ ಬಾಯಿಬಿಡದವರುಂಟು. ಅಷ್ಟರಲ್ಲಿ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದುಹೋಗುತ್ತದೆ. ಕೂಡಲೆ 1930 ಎಂಬ ಸಂಖ್ಯೆಗೆ ಕರೆ ಮಾಡಿದರೆ, ಹಣ ನಿಂತಿರುವ ಖಾತೆಯಲ್ಲಿಯೇ ಅದನ್ನು ತಡೆಹಿಡಿಯಲು ಅವಕಾಶವುಂಟು. ಮನೆಯ ಕಿರಿಯರಲ್ಲಿ ನನ್ನದೊಂದು ಬಿನ್ನಹ. ಹಿರಿಯರು ಬಂದು ಹೇಳಿದೊಡನೆ "ನಿಮಗಿಷ್ಟೂ ತಿಳಿಯಲಿಲ್ಲವೆ?" ಎಂದು ಗದರಬೇಡಿರಿ. ಮೊದಲು ಆ ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿರಿ. ಬಳಿಕ ಅವರ ಪಕ್ಕದಲ್ಲಿ ಕುಳಿತು, ಕರೆ ಎಷ್ಟು ಹೊತ್ತಿಗೆ ಬಂದಿತು, ಅವನು ಏನೆಂದನು, ಹಣ ಯಾವ ಖಾತೆಗೆ ಹೋಯಿತು ಎಂಬುದನ್ನು ಮೊದಲಿನಿಂದ ಕೇಳಿ ಬರೆದುಕೊಳ್ಳಿರಿ. ದೂರು ಕೊಡುವಾಗ ಅದೆಲ್ಲವೂ ಬೇಕಾಗುತ್ತದೆ.