ಎಲ್ಲೆಯೋ, ಹೊಲಿಗೆಯೋ?

ಪರ್ವತಗಳು ಜನರನ್ನು ಬೇರ್ಪಡಿಸುವುದಕ್ಕೆಂದೇ ನಿಂತಿವೆಯೆಂಬ ಭಾವನೆ ಲೋಕದಲ್ಲಿ ಬಹುಕಾಲದಿಂದ ಬೇರೂರಿದೆ. ಮನುಷ್ಯನು ತಾನೆಳೆದ ಗೆರೆಗೆ ಪ್ರಕೃತಿಯ ಹೆಸರನ್ನಿಟ್ಟನೆಂದರೆ, ಅದನ್ನು ಪ್ರಶ್ನಿಸುವ ಧೈರ್ಯ ಬಹುಮಂದಿಗೆ ಬಾರದು. ಈ ಭಾವನೆ ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ವಿಚಾರಿಸಲು ರಷ್ಯಾ ದೇಶದ ಉರಲ್ ಶ್ರೇಣಿಯು ತಕ್ಕ ನಿದರ್ಶನವಾಗಿದೆ.

ಈ ಶ್ರೇಣಿಯು ಉತ್ತರದ ಹಿಮಸಾಗರದ ಅಂಚಿನಿಂದ ದಕ್ಷಿಣದ ಕಜಾಕ್ ಹುಲ್ಲುಗಾವಲುಗಳವರೆಗೆ 1,200 ಮೈಲಿಗಳಿಗೂ ಮಿಕ್ಕು ಹಬ್ಬಿದೆ. ಇದು ಯೂರೋಪು ಏಷ್ಯಾಗಳ ಎಲ್ಲೆಯೆಂಬುದನ್ನು ಶಾಲೆಯ ಬಾಲಕನೂ ಬಲ್ಲನು. ಆದರೆ ಇದು ದುರ್ಗಮವಾದ ಗೋಡೆಯೇನೂ ಅಲ್ಲ. ಇದರ ಅತ್ಯುನ್ನತ ಶಿಖರವಾದ ನರೋದ್ನಾಯವು 6,200 ಅಡಿಗಳನ್ನು ತುಸುವೇ ಮೀರಿದೆ; ಅದೇ ರಷ್ಯಾದ ಕಾಕಸಸ್ ಸೀಮೆಯ ಎಲ್ಬ್ರುಸ್ ಪರ್ವತವು 18,500 ಅಡಿಗಳಿಗೂ ಎತ್ತರ. ಚುಸೊವಾಯ ನದಿಯಂತೂ ಉರಲಿನ ಪೂರ್ವದ ಇಳಿಜಾರಿನಲ್ಲಿ ಹುಟ್ಟಿ, ಶ್ರೇಣಿಯನ್ನೇ ಸೀಳಿಕೊಂಡು ಹೋಗಿ ಪಶ್ಚಿಮದ ಕಾಮಾ ನದಿಯನ್ನು ಸೇರುತ್ತದೆ. ನೀರಿಗೆ ತಡೆಯಾಗದ ಬೆಟ್ಟವು ಮನುಷ್ಯನಿಗೆ ಎಲ್ಲೆಯಾದುದು ಹೇಗೆ?

ಅದಕ್ಕೆ ಉತ್ತರ ಚರಿತ್ರೆಯಲ್ಲಿದೆ. ಪ್ರಾಚೀನ ಗ್ರೀಕರಲ್ಲಿ ಹಲವರು ಡಾನ್ ನದಿಯನ್ನು ಈ ಖಂಡಗಳ ಗಡಿಯೆಂದೆಣಿಸಿದ್ದರು. ಒಂದೇ ಆದ ಭೂಮಿಗೆ ಮೂರು ಹೆಸರುಗಳೇಕೆಂದು ಹೆರೊಡೋಟಸನು ಅಂದೇ ಸೋಜಿಗಪಟ್ಟಿದ್ದನು. ಗಡಿಯನ್ನು ಉರಲಿಗೆ ಸರಿಸಿದವರು ಹದಿನೆಂಟನೆಯ ಶತಮಾನದ ವಿದ್ವಾಂಸರು: 1709ರ ಪೊಲ್ಟಾವ ಯುದ್ಧದಲ್ಲಿ ಸೆರೆಸಿಕ್ಕಿ ಸೈಬೀರಿಯದಲ್ಲಿ ವರ್ಷಗಳನ್ನು ಕಳೆದ ಸ್ವೀಡನ್ನಿನ ಸ್ಟ್ರಾಲೆನ್‌ಬರ್ಗ್, ರಷ್ಯಾದ ತಾತಿಷ್ಚೆವ್. ಮೊದಲನೆಯವನ ಗ್ರಂಥ 1730ರಲ್ಲಿ ಪ್ರಕಟವಾಯಿತು. ಅಷ್ಟರೊಳಗೆ, 1721ರಲ್ಲಿ, ಪೀಟರ್ ದೊರೆಯು ಸಾಮ್ರಾಟನೆನಿಸಿಕೊಂಡಿದ್ದನು. ಯೂರೋಪಿನ ಇತರ ಹಲವು ಸಾಮ್ರಾಜ್ಯಗಳಿಗೆ ಸ್ವದೇಶಕ್ಕೂ ಅಧೀನ ದೇಶಕ್ಕೂ ನಡುವೆ ಸಮುದ್ರವಿತ್ತು. ರಷ್ಯಾಕ್ಕೆ ಅದಿರಲಿಲ್ಲವಾಗಿ, ಬೆಟ್ಟವೇ ಸಮುದ್ರದ ಸ್ಥಾನಕ್ಕೆ ಬಂದಿತು.

ಇನ್ನು ಭೂಗರ್ಭಶಾಸ್ತ್ರದ ಮಾತು ಮತ್ತೂ ವಿಚಿತ್ರ. ಸುಮಾರು 30 ಕೋಟಿ ವರ್ಷಗಳ ಹಿಂದೆ, ಎರಡು ಭೂಭಾಗಗಳ ನಡುವೆ ಇದ್ದ ಸಾಗರವು ಮುಚ್ಚಿಹೋಗಿ, ಅವು ಒಂದನ್ನೊಂದು ಒತ್ತಿದಾಗ ಎದ್ದ ಮಡಿಕೆಯೇ ಉರಲ್. ಜನರು ಸೀಳೆಂದು ಭಾವಿಸಿದುದು ನಿಜವಾಗಿ ಹೊಲಿಗೆ!

ಹಾಗಾದರೆ ಎಲ್ಲೆಗಳೆಲ್ಲ ಮಿಥ್ಯೆಯೆ? ಹಾಗೆನ್ನಲಾಗದು. 1885ರಲ್ಲಿ ಆ ದಾರಿಯಾಗಿ ಹೋದ ಅಮೆರಿಕದ ಜಾರ್ಜ್ ಕೆನನ್ನನು, ಪೆರ್ಮ್ ಮತ್ತು ತೊಬೋಲ್ಸ್ಕ್ ಪ್ರಾಂತಗಳ ನಡುವಣ ಇಟ್ಟಿಗೆಯ ಕಂಬವೊಂದನ್ನು ವರ್ಣಿಸಿದ್ದಾನೆ. ಅದು ನಿಂತಿದ್ದುದು ಶಿಖರದ ಮೇಲಲ್ಲ. ಉರಲನ್ನು ದಾಟಿ ಬಹುದೂರ ಪೂರ್ವದ ಕಾಡಿನ ಬಯಲೊಂದರಲ್ಲಿ. ಅಲ್ಲಿ ಗಡೀಪಾರಾದ ಕೈದಿಗಳು ನೆಲಕ್ಕೆ ಮುಖವಿಟ್ಟು ಅಳುತ್ತಿದ್ದರು. ಕೆಲವರು ತಾಯ್ನೆಲದ ಹಿಡಿಮಣ್ಣನ್ನು ಕಟ್ಟಿಕೊಂಡು ಹೋಗುತ್ತಿದ್ದರು. ಕಂಬದ ಎರಡು ಕಡೆಯ ಮಣ್ಣೂ ಒಂದೇ. ಕಣ್ಣೀರು ಮಾತ್ರ ಸುಳ್ಳಲ್ಲ.

ಆದಕಾರಣ ಎಲ್ಲೆಯನ್ನು ಎಳೆಯುವುದು ದೋಷವಲ್ಲ. ಆಡಳಿತಕ್ಕೂ ಜ್ಞಾನಕ್ಕೂ ಅದು ಬೇಕು. ಎಳೆದವನು ತಾನೆಂಬುದನ್ನು ಮರೆತು, ಅದರ ಹೊಣೆಯನ್ನು ಬೆಟ್ಟದ ಮೇಲೆ ಹೊರಿಸುವುದೇ ದೋಷ. ಪ್ರಕೃತಿಯು ವಿಧಿಸಿದುದನ್ನು ಮನುಷ್ಯನು ಸಹಿಸಬೇಕಾದೀತು. ಮನುಷ್ಯನೇ ವಿಧಿಸಿದುದನ್ನಾದರೋ, ಅದರಿಂದ ನೊಂದವನು ಕಾರಣ ಕೇಳಬಹುದು. ಕೇಳಿದಾಗ ಉತ್ತರ ಕೊಡಬೇಕಾದುದು ಬೆಟ್ಟವಲ್ಲ.