ಲಾಭದ ಲೆಕ್ಕಕ್ಕೆ ಮುಂಚಿನ ಪ್ರಶ್ನೆ: ಆನೇಕಲ್ ಸೀಮೆಯಲ್ಲಿ ಕಾಯಕ ಮತ್ತು ದಾಸೋಹ

ಗಳಿಸಿದ್ದರಲ್ಲಿ ಒಂದು ಪಾಲನ್ನು ಸಮಾಜಕ್ಕೆ ಕೊಟ್ಟರೆ ಗಳಿಕೆಯ ಬಗೆಯನ್ನು ಕುರಿತ ಪ್ರಶ್ನೆ ತೀರುತ್ತದೆಯೇ ಎಂಬುದು ಧರ್ಮಚಿಂತನೆಯಲ್ಲಿ ಬಹು ಹಿಂದಿನಿಂದ ಬಂದ ಜಿಜ್ಞಾಸೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶಗಳನ್ನು ಒಳಗೊಂಡ ಆನೇಕಲ್ ತಾಲ್ಲೂಕಿನಲ್ಲಿ ಅದು ನಿತ್ಯವೂ ಕಣ್ಣಿಗೆ ಬೀಳುತ್ತದೆ. ಸರ್ಕಾರಿ ಶಾಲೆಯ ಹೊಸ ಕೊಠಡಿಯ ಗೋಡೆಯಲ್ಲಿ, ಶುದ್ಧ ಕುಡಿಯುವ ನೀರಿನ ಘಟಕದ ನೆತ್ತಿಯಲ್ಲಿ, ಕೆರೆಯ ಏರಿಯ ಮೇಲೆ ನಿಲ್ಲಿಸಿದ ಫಲಕದಲ್ಲಿ ನೆರವಿತ್ತ ಕಂಪನಿಯ ಹೆಸರಿರುತ್ತದೆ. ಆ ಹಣ ಹುಟ್ಟಿದ ದಾರಿ ಎಂಥದ್ದೆಂಬುದು ಫಲಕಕ್ಕೆ ಸೇರಿದ ವಿಷಯವಲ್ಲ.

2014ರ ಏಪ್ರಿಲ್ 1ರಿಂದ ಜಾರಿಗೆ ಬಂದ, 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಮಾಜೋಪಯೋಗಿ ಕೆಲಸಗಳಿಗೆ ವೆಚ್ಚ ಮಾಡಬೇಕೆಂದೂ, ತಾನು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ವಿಧಿಸುತ್ತದೆ. ಸಿಎಸ್‌ಆರ್ ಎಂದು ರೂಢಿಯಾಗಿರುವ ಈ ಹಣದಿಂದ ಆಗಿರುವ ಒಳಿತನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಂಪನಿಯ ಸಹಜ ವ್ಯವಹಾರದ ಭಾಗವಾದ ಕೆಲಸವಾಗಲಿ, ತನ್ನ ನೌಕರರಿಗೆ ಮಾತ್ರ ಒದಗುವ ಸೌಲಭ್ಯವಾಗಲಿ ಈ ಲೆಕ್ಕಕ್ಕೆ ಸಲ್ಲುವುದಿಲ್ಲವೆಂದು ನಿಯಮಗಳು ಹೇಳುತ್ತವೆ. ಹೇಗೂ ಮಾಡಲೇಬೇಕಾದದ್ದನ್ನು ಉಪಕಾರವೆಂದು ತೋರಿಸಬಾರದೆಂಬ ಕಾರಣಕ್ಕೆ ಇದು ನ್ಯಾಯವೇ. ಆದರೂ ಹೊಣೆಗಾರಿಕೆ ಎಂಬುದು ವ್ಯಾಪಾರ ಮುಗಿದು ಲಾಭ ಕೈಸೇರಿದ ಮೇಲೆ ಶುರುವಾಗುವ ಸಂಗತಿ ಎಂಬ ಭಾವನೆ ಇದರಿಂದ ಬಲಗೊಂಡಿದೆ. ಗಾಂಧೀಜಿಯವರ ಧರ್ಮದರ್ಶಿತ್ವದ ಕಲ್ಪನೆ, ಎಂದರೆ ಧನಿಕನು ತನ್ನ ಸಂಪತ್ತಿಗೆ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ಕಾಯುವವನು ಎಂಬ ವಿಚಾರವೂ ಬಹುಮಟ್ಟಿಗೆ ಸಂಪತ್ತು ಸೇರಿದ ನಂತರದ ನಡತೆಯನ್ನೇ ಕುರಿತದ್ದು.

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ಇನ್ನೂ ಮುಂಚಿನ ಹಂತದಲ್ಲಿ ಎತ್ತಿದರು. ಕಾಯಕವೆಂದರೆ ಜೀವನೋಪಾಯಕ್ಕಾಗಿ ಕೈಗೊಂಡ ದುಡಿಮೆಯನ್ನು ಪೂಜೆಯಷ್ಟೇ ಶುದ್ಧವಾಗಿ ನಡೆಸುವುದು. ದಾಸೋಹವೆಂದರೆ ಆ ದುಡಿಮೆಯ ಫಲವನ್ನು ತಾನು ದಾಸನೆಂಬ ಭಾವದಿಂದ ಜಂಗಮಕ್ಕೆ, ವಿಶಾಲಾರ್ಥದಲ್ಲಿ ಸಮಾಜಕ್ಕೆ, ಸಲ್ಲಿಸುವುದು. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳದೆ, ಹೆಚ್ಚಿನದನ್ನು ಮೊದಲಿದ್ದಲ್ಲೇ ಸುರಿದು ಬರುವಂತೆ ಕಳಿಸಿದಳೆಂಬುದು ಪ್ರಸಿದ್ಧ ಕಥೆ. ಆ ಅಕ್ಕಿ ಕದ್ದದ್ದಲ್ಲ, ದಾಸೋಹಕ್ಕೆಂದೇ ತಂದದ್ದು. ಹಾಗಿದ್ದೂ, ಆಸೆಯಿಂದ ಕೂಡಿದ್ದನ್ನು ಬೇಯಿಸಿ ಬಡಿಸಿದ ಮಾತ್ರಕ್ಕೆ ಅದು ಶುದ್ಧವಾಗದೆಂಬುದು ಅವಳ ನಿಲುವು. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ತಂದ ಬಗೆಗೆ ಅದು ಸಮಜಾಯಿಷಿಯಾಗದೆಂಬ ಈ ಮಾತನ್ನು ಲಕ್ಕಮ್ಮನಷ್ಟು ನಿಷ್ಠುರವಾಗಿ ನಡೆದು ತೋರಿಸಿದವರು ವಿರಳ. ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನೂ ಪರರನ್ನು ಕಾಡಿ, ಬಳಲಿಸಿ ತಂದದ್ದರಿಂದ ದಾಸೋಹ ನಡೆಯದೆಂದೇ ಬಗೆದವನು.

ಈ ಅಳತೆಗೋಲನ್ನು ಜಿಗಣಿಯ ಒಂದು ಸಣ್ಣ ಲೇತ್ ವರ್ಕ್‌ಶಾಪಿಗೆ ತಂದರೆ ಅದರ ಹರಿತ ಗೊತ್ತಾಗುತ್ತದೆ. ದೊಡ್ಡ ಕಾರ್ಖಾನೆಗೆ ಬಿಡಿಭಾಗಗಳನ್ನು ಮಾಡಿಕೊಡುವ ಇಂಥ ಘಟಕಗಳಿಗೆ ಸರಕು ಒಪ್ಪಿಕೊಂಡ 45 ದಿನಗಳೊಳಗೆ ಹಣ ಸಲ್ಲಬೇಕೆಂದು, ತಡವಾದರೆ ಚಕ್ರಬಡ್ಡಿ ಸೇರಿಸಿ ಕೊಡಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಹೇಳುತ್ತದೆ. ಬಿಲ್ ಇನ್ನೂ ಪಾಸಾಗಿಲ್ಲ ಎಂಬ ಉತ್ತರ ಕೇಳುತ್ತಾ ತಿಂಗಳುಗಳನ್ನು ನೂಕುವ ಮಾಲೀಕನಿಗೆ ದೂರು ಕೊಡುವ ಹಕ್ಕಿದೆ. ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪೀತೆಂಬ ಅಂಜಿಕೆಯೂ ಇದೆ. ಅವನು ಆ ನಡುವೆ ಸಾಲ ತಂದು ಹುಡುಗರಿಗೆ ಸಂಬಳ ಕೊಡುತ್ತಾನೆ, ಇಲ್ಲವೇ ಅದನ್ನೂ ಮುಂದೂಡುತ್ತಾನೆ. ಹೀಗೆ ತಡೆಹಿಡಿದ ಹಣದಿಂದ ಅನುಕೂಲ ಪಡೆದ ಕಂಪನಿ ವರ್ಷದ ಕೊನೆಗೆ ಶೇ. 2ನ್ನು ಪ್ರಾಮಾಣಿಕವಾಗಿ ವೆಚ್ಚ ಮಾಡಿದರೂ, ಚಂದಯ್ಯನ ದೃಷ್ಟಿಯಲ್ಲಿ ಅದು ದಾಸೋಹವಲ್ಲ.

ಕಾಯಕದ ಶುದ್ಧಿಯನ್ನು ಉತ್ಪಾದಕರಿಂದ, ವರ್ತಕರಿಂದ ಮಾತ್ರ ನಿರೀಕ್ಷಿಸುವುದೂ ಸರಿಯಲ್ಲ. ಗಿರಾಕಿಯೇ ದೇವರು ಎಂಬ ಮಾತು ಅಂಗಡಿಗಳಲ್ಲಿ ಬಳಕೆಯಲ್ಲಿದೆ, ಮತ್ತು ಸರಿಯಾದ ತೂಕ, ಸೌಜನ್ಯದ ಮಾತು, ಕೆಟ್ಟ ಸರಕನ್ನು ಹಿಂದಕ್ಕೆ ಪಡೆಯುವ ನಡತೆ ಇವೆಲ್ಲ ಆ ಮಾತಿನ ಆಶಯಕ್ಕೆ ತಕ್ಕವೇ. ಆದರೆ ಕೊಳ್ಳುವವನನ್ನು ದೇವರ ಸ್ಥಾನದಲ್ಲಿ ಕೂರಿಸಿದಾಗ ಅವನಿಗೂ ಒಂದು ಹೊಣೆಯಿದೆ ಎಂಬುದು ಮರೆಯಾಗುತ್ತದೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆ-ಗೋದಾಮೊಂದರಲ್ಲಿ, ದೀಪಾವಳಿ ಹತ್ತಿರವಿದ್ದಾಗ, ಹೊತ್ತಿದ ಬೆಂಕಿಯಲ್ಲಿ ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹಬ್ಬದ ದಿನಗಳ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯ ವಯಸ್ಸಿನವರು. ತಪ್ಪಿತಸ್ಥರು ಯಾರೆಂಬುದನ್ನು ನಿರ್ಧರಿಸುವುದು ಕಾನೂನಿನ ಕೆಲಸ. ಧರ್ಮಚಿಂತನೆಯ ಪ್ರಶ್ನೆ ಬೇರೆ: ರಿಯಾಯಿತಿ ದರಕ್ಕಾಗಿ ಹೊಸೂರು ರಸ್ತೆಯ ಪಟಾಕಿ ಮಳಿಗೆಗಳ ಮುಂದೆ ಕಾರು ನಿಲ್ಲಿಸುವ ಬೆಂಗಳೂರಿನ ಗಿರಾಕಿ, ಒಳಗೆ ಪೆಟ್ಟಿಗೆಗಳ ನಡುವೆ ಕೆಲಸ ಮಾಡುವ ಹುಡುಗರಿಗೆ ಹೊರಬರಲು ಇನ್ನೊಂದು ಬಾಗಿಲಿದೆಯೇ ಎಂದು ಕೇಳಬೇಕಾದವನೋ ಅಲ್ಲವೋ ಎಂಬುದು. ದರ ಇಳಿದದ್ದು ಆ ಬಾಗಿಲಿನ ಖರ್ಚು ಉಳಿಸಿದ್ದರಿಂದಲೇ ಆಗಿದ್ದರೆ, ಉಳಿದ ದುಡ್ಡಿನಲ್ಲಿ ಅವನ ಪಾಲೂ ಇದೆ. ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಲಕ್ಕಮ್ಮನೂ ಮಾರುವವಳಲ್ಲ, ಮನೆಗೆ ಬಂದದ್ದನ್ನು ಬಳಸುವವಳೇ ಆಗಿದ್ದಳು.